ಮನೆ ಖರ್ಚಿನ ಶೇ. 60 ಪ್ರಾಡಕ್ಟ್‌ನಿಂದ ಬರ್ತಿದೆ, ಕಾಂಟ್ರ್ಯಾಕ್ಟ್ ಕೆಲಸ ಈಗ ಬಿಡಬಹುದಾ?

ಗೇಜುಗಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾಲ್ಕು ವರ್ಷದಿಂದ ಒಬ್ಬನೇ ಒಂದು ಸಣ್ಣ ಸಾಫ್ಟ್‌ವೇರ್ ನಡೆಸ್ತಾ ಇದ್ದೀನಿ. ಅಳತೆ ಉಪಕರಣಗಳನ್ನು ಇಟ್ಟುಕೊಂಡಿರೋ ವರ್ಕ್‌ಶಾಪ್, ಲ್ಯಾಬ್‌ಗಳಿಗೆ ಅದು. ಒಂದು ವರ್ನಿಯರ್ ಕ್ಯಾಲಿಪರ್ ಅಥವಾ ಪ್ರೆಶರ್ ಗೇಜ್ ಇದೆ ಅಂದ್ಕೊಳ್ಳಿ. ಅದರ ಕ್ಯಾಲಿಬ್ರೇಷನ್ (ಅಳತೆ ಸರಿ ತೋರಿಸ್ತಿದೆಯಾ ಅನ್ನೋ ಪರೀಕ್ಷೆ) ಯಾವಾಗ ಆಯ್ತು, ಮುಂದಿನದು ಯಾವಾಗ, ಸರ್ಟಿಫಿಕೇಟ್ ಎಲ್ಲಿದೆ, ಇಷ್ಟನ್ನು ನೆನಪಿಡೋದೇ ಕೆಲಸ. ಐಎಸ್‌ಒ 9001 ಅನ್ನೋ ಗುಣಮಟ್ಟದ ಮಾನದಂಡದ ಆಡಿಟ್‌ಗೆ ಬಂದವರು ಕೇಳಿದ ತಕ್ಷಣ ದಾಖಲೆ ತೋರಿಸೋಕೆ ಆಗ್ಬೇಕು. ಅದಕ್ಕೇ ಜನ ದುಡ್ಡು ಕೊಡ್ತಾರೆ.

ಯಾರ ಹೂಡಿಕೆಯೂ ಇಲ್ಲ. ವಾರಕ್ಕೆ ಮೂರು ದಿನ ಬೇರೆಯವರಿಗೆ ಕಾಂಟ್ರ್ಯಾಕ್ಟ್ ಕೆಲಸ ಮಾಡ್ತೀನಿ, ಉಳಿದ ದಿನ ಇದಕ್ಕೆ. ಈಗ 118 ಗ್ರಾಹಕರಿದ್ದಾರೆ. ಕಳೆದ ಆರು ತಿಂಗಳ ಸರಾಸರಿ ತೆಗೆದರೆ ಸರ್ವರ್ ಖರ್ಚೆಲ್ಲ ಕಳೆದು ಮನೆ ಖರ್ಚಿನ ಶೇ. 60ರಷ್ಟು ಇದರಿಂದಲೇ ಬರ್ತಿದೆ. ಉಳಿತಾಯದಲ್ಲಿ ಎಂಟು ತಿಂಗಳ ಪೂರ್ತಿ ಮನೆ ಖರ್ಚಿಗೆ ಆಗುವಷ್ಟು ಹಣ ಇದೆ. ತಿಂಗಳಿಗೆ ಶೇ. 40 ಮಾತ್ರ ಕಮ್ಮಿ ಬೀಳೋದ್ರಿಂದ ಆ ಉಳಿತಾಯ 20 ತಿಂಗಳು ಬರುತ್ತೆ ಅಂತ ನನ್ನ ಲೆಕ್ಕ.

ಪೂರ್ತಿ ಸಮಯ ಕೊಟ್ಟರೆ ಫೀಚರ್‌ಗಳನ್ನು ಬೇಗ ಬೇಗ ಮಾಡಬಹುದು, ಗ್ರಾಹಕರು ಹೆಚ್ಚಾಗ್ತಾರೆ ಅನ್ನೋ ನಂಬಿಕೆ ಇದೆ. ಮೊಬೈಲ್ ಆ್ಯಪ್ ಬೇಕು ಅಂತ ಬಹಳ ಜನ ಕೇಳ್ತಿದ್ದಾರೆ. ಮನೆಯಲ್ಲಿ "ನಿನಗೆ ಸರಿ ಅನ್ನಿಸಿದ್ದು ಮಾಡು" ಅಂದಿದ್ದಾರೆ. ಆದ್ರೂ ಧೈರ್ಯ ಸಾಲ್ತಿಲ್ಲ. ಈ ದಾರಿಯಲ್ಲಿ ನಡೆದವರು ಹೇಳಿ.

ಬೈಟು ಬದುಕು

ಬಿಡಿ ಸರ್. 20 ತಿಂಗಳು ಅಂದ್ರೆ ಕಮ್ಮಿ ಸಮಯ ಅಲ್ಲ. ಎರಡು ದೋಣಿ ಮೇಲೆ ಕಾಲಿಟ್ಟು ನಾನು ಐದು ವರ್ಷ ಕಳೆದೆ, ಎರಡೂ ಕಡೆ ಅರ್ಧಂಬರ್ಧ ಆಯ್ತು. ಗುರುವಾರ ಬೆಳಿಗ್ಗೆ ಪ್ರಾಡಕ್ಟ್ ಕೋಡ್ ತೆಗೆದರೆ ಸೋಮವಾರ ಏನು ಯೋಚನೆ ಮಾಡಿದ್ದೆ ಅನ್ನೋದೇ ಮರೆತು ಹೋಗಿರುತ್ತೆ. ಆ ನಷ್ಟ ಯಾವ ಲೆಕ್ಕದ ಹಾಳೆಯಲ್ಲೂ ಕಾಣಲ್ಲ.

ರೊಕ್ಕದ ಲೆಕ್ಕ

ಅವಸರ ಮಾಡಬ್ಯಾಡ್ರಿ. ಗೇಜುಗಾರರ, ಹೌದು ಅಲ್ಲ ಅನ್ನೋಕಿಂತ ಮೊದಲು ಮೂರು ಅಂಕಿ ಬೇಕು.

ಆರು ತಿಂಗಳಾಗ ಹೊಸಬರು ಎಷ್ಟು ಮಂದಿ ಬಂದ್ರು? ಬಿಟ್ಟು ಹೋದವರು ಎಷ್ಟು? 118ರಾಗ ವರ್ಷದ ದುಡ್ಡು ಒಂದೇ ಸಲ ಕಟ್ಟೋರು ಎಷ್ಟು, ಅವರೆಲ್ಲ ಯಾವ ತಿಂಗಳಾಗ ಕಟ್ಟಿದ್ರು?

ಗೇಜುಗಾರ

@ರೊಕ್ಕದ ಲೆಕ್ಕ, ಹೊಸಬರು 36, ಬಿಟ್ಟವರು 31. ವರ್ಷದ ಪ್ಲಾನ್‌ನಲ್ಲಿ 22 ಜನ ಇದ್ದಾರೆ. ಹತ್ತು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು ಅಂತ ಕಳೆದ ವರ್ಷ ಒಂದು ಮೇಲ್ ಕಳಿಸಿದ್ದೆ, ಆಗ ಸೇರಿದವರು. ಎಲ್ಲರ ರಿನ್ಯೂವಲ್ ಈ ಆರು ತಿಂಗಳಲ್ಲೇ ಬಂತು.

ರೊಕ್ಕದ ಲೆಕ್ಕ

ಅಲ್ಲೇ ಅದ ನೋಡ್ರಿ.

ಮೊದಲ ಮಾತು, ಆ 22 ಮಂದಿ ಕೊಟ್ಟ ರೊಕ್ಕ ಇನ್ನೂ ನಿಮ್ಮದಾಗಿಲ್ಲ. ಬ್ಯಾಂಕಿನಾಗ ಬಂದು ಕುಂತದ, ಖರೆ. ಆದರ ಅದಕ್ಕ ನೀವು ಹನ್ನೆರಡು ತಿಂಗಳು ಸೇವೆ ಕೊಡಬೇಕು. ತಿಂಗಳಿಗೆ ಹನ್ನೆರಡರಾಗ ಒಂದು ಪಾಲು ಮಾತ್ರ ಗಳಿಕೆ ಅಂತ ಬರಕೋರಿ.

ಒಬ್ಬ ಗ್ರಾಹಕ ತಿಂಗಳಿಗೆ 1 ಪಾಲು ಕೊಡ್ತಾನ ಅಂತ ಇಟ್ಕೋರಿ. ತಿಂಗಳಿಗೆ ಕಟ್ಟೋ 96 ಮಂದಿಯಿಂದ ಆರು ತಿಂಗಳಿಗೆ 576 ಪಾಲು. ವರ್ಷದವರು 22, ತಲಾ 10 ಪಾಲು, ಅಂದ್ರ 220. ಒಟ್ಟು 796, ತಿಂಗಳಿಗೆ ಸುಮಾರು 133. ಇದನ್ನ ನೀವು ಶೇ. 60 ಅಂದ್ರಿ. ಆದರ ವರ್ಷದ ರೊಕ್ಕ ಹನ್ನೆರಡು ತಿಂಗಳಿಗೆ ಹರವಿದ್ರ ತಿಂಗಳಿಗೆ ಬರೋದು 96 ಮತ್ತ 18, ಸುಮಾರು 114. ಅಂದ್ರ ನಿಮ್ಮ 60 ಖರೇವಂದ್ರ 52ರ ಹತ್ತಿರ ಅದ. ಕಮ್ಮಿ ಬೀಳೋದು 40 ಅಲ್ಲ, 48. ಎಂಟು ತಿಂಗಳ ಉಳಿತಾಯ 20 ತಿಂಗಳು ಬರೂದಿಲ್ಲ, 16 ತಿಂಗಳು ಚಿಲ್ಲರೆ ಬರ್ತದ. ತೆರಿಗೆಗೆ ಬ್ಯಾರೆ ತೆಗೆದಿಟ್ಟಿಲ್ಲ ಅಂದ್ರ ಇನ್ನೂ ಕಮ್ಮಿ.

ಎರಡನೇ ಮಾತು ಇದಕ್ಕಿಂತ ದೊಡ್ಡದು. ತಿಂಗಳಿಗೆ 6 ಮಂದಿ ಬರ್ತಾರ, 5ಕ್ಕಿಂತ ಜಾಸ್ತಿ ಮಂದಿ ಹೋಗ್ತಾರ. ಬಿಡೋರ ಪ್ರಮಾಣ ತಿಂಗಳಿಗೆ ಶೇ. 4.5 ಆತು. ಗ್ರಾಹಕರು ಹೆಚ್ಚಾದಂಗ ಬಿಡೋರೂ ಹೆಚ್ಚಾಗ್ತಾರ. ಬರೋರು, ಬಿಡೋರು ಎಲ್ಲಿ ಸಮ ಆಗ್ತಾರ ಅಂತ ನೋಡಾಕ ಬರೋರನ್ನ ಬಿಡೋರ ಪ್ರಮಾಣದಿಂದ ಭಾಗಿಸ್ರಿ: 6 ಭಾಗಿಸು 0.045, ಬರೂದು 133. ನಿಮ್ಮ ಗ್ರಾಹಕರ ಸಂಖ್ಯೆ ಹಿಂಗ ನಡೆದ್ರ 133ಕ್ಕ ಬಂದು ನಿಂತುಬಿಡ್ತದ. ನೀವು ಆಗಲೇ 118ರಾಗ ಇದ್ದೀರಿ. ಕೆಲಸ ಬಿಟ್ಟ ಮ್ಯಾಲೆ ಒಂದು ವರ್ಷ ಹಗಲು ರಾತ್ರಿ ಫೀಚರ್ ಬರದ್ರೂ, ಈ ಎರಡು ಅಂಕಿ ಬದಲಾಗದಿದ್ರ ನಿಮಗ ಸಿಗೂದು 15 ಗ್ರಾಹಕರು. ಅದೂ ಮೆಲ್ಲಕ, ಮೆಲ್ಲಕ.

ಕೊಡದಾಗ ನೀರು ಸುರಿಯೋ ಮೊದಲು ತೂತು ಎಲ್ಲದ ಅಂತ ಹುಡುಕ್ರಿ.

ಗೇಜುಗಾರ

ಇದನ್ನ ಓದಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನಾಲ್ಕು ವರ್ಷ ಒಟ್ಟು ಸಂಖ್ಯೆ ಮಾತ್ರ ನೋಡ್ತಿದ್ದೆ. ಅದು ಏರ್ತಾ ಇತ್ತು, ಸಮಾಧಾನ ಆಗ್ತಿತ್ತು. ಧನ್ಯವಾದ ಸರ್.

ಹನ್ನೊಂದನೇ ವರ್ಷ

ರೊಕ್ಕದ ಲೆಕ್ಕದವರು ಹೇಳಿದ ಸೂತ್ರ ನನಗೆ ಆರನೇ ವರ್ಷ ಗೊತ್ತಾಯಿತು. ಆರು ವರ್ಷ ತಡವಾಗಿ. ಆದ್ದರಿಂದ ಗೇಜುಗಾರರೇ, ನೀವು ನನಗಿಂತ ಎರಡು ವರ್ಷ ಮುಂದಿದ್ದೀರಿ.

ನಾನು ಕೇಳಿಕೊಳ್ಳುವುದು ಒಂದೇ. ಮೊಬೈಲ್ ಆ್ಯಪ್ ಯೋಚನೆಯನ್ನು ಎರಡು ವಾರ ಪಕ್ಕಕ್ಕಿಡಿ. ಬಿಟ್ಟುಹೋದ ಆ 31 ಜನರ ಪಟ್ಟಿ ತೆಗೆಯಿರಿ. ಒಬ್ಬೊಬ್ಬರ ಖಾತೆಯನ್ನೂ ತೆರೆದು ನೋಡಿ. ಕೊನೆಯ ಸಲ ಯಾವಾಗ ಲಾಗಿನ್ ಆದರು, ಎಷ್ಟು ಉಪಕರಣ ಸೇರಿಸಿದ್ದರು, ಕೊನೆಗೆ ಏನು ಒತ್ತಿದರು. ಆಮೇಲೆ ಫೋನ್ ಮಾಡಿ. ಮೇಲ್ ಬೇಡ, ಫೋನ್. "ಯಾಕೆ ಬಿಟ್ಟಿರಿ" ಎಂದು ಕೇಳಬೇಡಿ, ಅದಕ್ಕೆ ಜನ ಸಂಕೋಚದಿಂದ "ರೇಟು ಜಾಸ್ತಿಯಾಯಿತು" ಎನ್ನುತ್ತಾರೆ. "ಈಗ ಆ ಕೆಲಸವನ್ನು ಯಾವುದರಲ್ಲಿ ಮಾಡುತ್ತಿದ್ದೀರಿ" ಎಂದು ಕೇಳಿ. ಉತ್ತರ ಅಲ್ಲಿಂದ ಬರುತ್ತದೆ.

ಫೀಚರ್ ಕೇಳುವವರ ಬಗ್ಗೆ ಒಂದು ಅನುಭವ ಹೇಳುತ್ತೇನೆ. ಮೂರನೇ ವರ್ಷ ನನಗೆ ಒಬ್ಬ ದೊಡ್ಡ ಗ್ರಾಹಕ ಸಿಕ್ಕ. ಒಟ್ಟು ಆದಾಯದ ಶೇ. 40 ಅವನೊಬ್ಬನಿಂದ. ಅವನು ಕೇಳಿದ ಒಂದೊಂದು ವರದಿಯನ್ನೂ, ಅನುಮೋದನೆಯ ಒಂದೊಂದು ಹಂತವನ್ನೂ ಮಾಡಿಕೊಟ್ಟೆ. ಬಿಲ್ ಕಳಿಸಿದರೆ 90 ದಿನಕ್ಕೆ ಹಣ ಬರುತ್ತಿತ್ತು, ಆ ಮೂರು ತಿಂಗಳು ನಾನು ಕೈಯಿಂದ ಹಾಕುತ್ತಿದ್ದೆ. ಒಂದೂವರೆ ವರ್ಷವಾದ ಮೇಲೆ ಆ ಕಂಪನಿಯನ್ನು ಇನ್ನೊಬ್ಬರು ಕೊಂಡರು. ಕೊಂಡವರ ಬಳಿ ಬೇರೆ ಸಾಫ್ಟ್‌ವೇರ್ ಇತ್ತು. ಎರಡೇ ಸಾಲಿನ ಮೇಲ್ ಬಂತು, ಶೇ. 40 ಹೋಯಿತು. ಅವನಿಗೋಸ್ಕರ ಬರೆದ ಕೋಡ್ ಮಾತ್ರ ಉಳಿಯಿತು. ಉಳಿದ ಗ್ರಾಹಕರಲ್ಲಿ ಒಬ್ಬರೂ ಅದನ್ನು ಮುಟ್ಟುತ್ತಿರಲಿಲ್ಲ, ಆದರೆ ಪ್ರತಿ ಬದಲಾವಣೆಯಲ್ಲೂ ನಾನು ಅದನ್ನು ಹೊತ್ತುಕೊಂಡೇ ನಡೆಯಬೇಕಿತ್ತು. ತೆಗೆದುಹಾಕಲು ಇನ್ನೂ ಒಂದು ವರ್ಷ ಹಿಡಿಯಿತು.

ಅಂದಿನಿಂದ ಒಬ್ಬ ಗ್ರಾಹಕ ಆದಾಯದ ಶೇ. 10 ದಾಟಿದರೆ ನನಗೆ ನಿದ್ದೆ ಬರುವುದಿಲ್ಲ. ದಾಟುವ ಮೊದಲೇ ಮುಂಗಡ ಹಣದ ಕರಾರು ಮಾಡಿಕೊಳ್ಳುತ್ತೇನೆ.

ಬೈಟು ಬದುಕು

ನನ್ನ ಮಾತು ಹಿಂತೆಗೆದುಕೊಳ್ತೀನಿ, ಅಂಕಿ ನೋಡಿದ ಮೇಲೆ ಈಗಲೇ ಬಿಡಿ ಅನ್ನಲಾರೆ. ಆದ್ರೆ ಕಾಂಟ್ರ್ಯಾಕ್ಟ್ ಕೆಲಸ ಅಂದ್ರೆ ಪ್ರಾಡಕ್ಟ್‌ಗೆ ಶತ್ರು ಅಂತ ನಾನು ಬರೆದಿದ್ದೂ ಪೂರ್ತಿ ಸರಿ ಇರಲಿಲ್ಲ.

37ಸಿಗ್ನಲ್ಸ್ 1999ರಲ್ಲಿ ಶುರುವಾಗಿದ್ದು ವೆಬ್ ಡಿಸೈನ್ ಕಂಪನಿಯಾಗಿ. ತಮ್ಮ ಗ್ರಾಹಕರ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳೋಕೆ ಮಾಡಿಕೊಂಡ ಉಪಕರಣವೇ 2004ರಲ್ಲಿ ಬೇಸ್‌ಕ್ಯಾಂಪ್ ಆಗಿ ಹೊರಗೆ ಬಂತು. ಆ ಕೆಲಸದೊಳಗಿಂದಲೇ ರೂಬಿ ಆನ್ ರೈಲ್ಸ್ ಅನ್ನೋ, ವೆಬ್ ಸಾಫ್ಟ್‌ವೇರ್ ಕಟ್ಟೋ ಚೌಕಟ್ಟು ಕೂಡ ಹುಟ್ಟಿತು. ಗ್ರಾಹಕರಿಗೆ ಒಟ್ಟಿಗೆ ಇಮೇಲ್ ಕಳಿಸೋ ಸೇವೆ ಮೇಲ್‌ಚಿಂಪ್ ಕೂಡ ಹಾಗೇ, 2001ರಲ್ಲಿ ಒಂದು ವೆಬ್ ಏಜೆನ್ಸಿಯ ಪಕ್ಕದ ಕೆಲಸವಾಗಿ ಶುರುವಾಯ್ತು. ಏಜೆನ್ಸಿ ದುಡ್ಡಲ್ಲಿ ವರ್ಷಗಟ್ಟಲೆ ಉಸಿರಾಡಿತು. ಉಚಿತ ಪ್ಲಾನ್ ಕೊಟ್ಟಿದ್ದು 2009ರಲ್ಲಿ, ಅಂದ್ರೆ ಎಂಟು ವರ್ಷ ಆದ ಮೇಲೆ. ಹೊರಗಿನ ಹೂಡಿಕೆ ಇಲ್ಲದೆ ಬೆಳೆದು 2021ರಲ್ಲಿ ಇಂಟ್ಯೂಟ್ ಅನ್ನೋ ಅಕೌಂಟಿಂಗ್ ಸಾಫ್ಟ್‌ವೇರ್ ಕಂಪನಿಗೆ ಸುಮಾರು 1,200 ಕೋಟಿ ಡಾಲರ್‌ಗೆ ಮಾರಾಟ ಆಯ್ತು.

ಇಬ್ಬರೂ ಸೇವೆಯ ಕೆಲಸದಿಂದ ದುಡ್ಡನ್ನಷ್ಟೇ ತಗೊಳ್ಳಲಿಲ್ಲ. ಗ್ರಾಹಕರ ಕಷ್ಟ ಏನು ಅಂತಲೂ ಅಲ್ಲೇ ಕಲಿತರು. ಗೇಜುಗಾರರೇ, ನಿಮ್ಮ ಮೂರು ದಿನದ ಕಾಂಟ್ರ್ಯಾಕ್ಟ್ ಇದೇ ಕ್ಷೇತ್ರದ್ದಾ, ಇಲ್ಲ ಬೇರೆಯದಾ? ಇದೇ ಕ್ಷೇತ್ರದ್ದಾದ್ರೆ ಅದನ್ನ ಪೂರ್ತಿ ಬಿಡೋದು ನಷ್ಟ ಅನ್ಸುತ್ತೆ.

ಮೂರನೇ ಪ್ರಯತ್ನ

ಗೆದ್ದವರ ಕಥೆ ಕೇಳೋಕೆ ಚೆನ್ನಾಗಿರುತ್ತೆ. ಅದೇ ದಾರೀಲಿ ನಡೆದು ಮುಚ್ಚಿಕೊಂಡು ಹೋದವರನ್ನ ಯಾರೂ ನೆನಪಿಟ್ಟಿರಲ್ಲ. ನಾನು ಎರಡು ಸಲ ಮುಚ್ಚಿದವನು, ಅದಕ್ಕೇ ಬರೀತಿದ್ದೀನಿ.

ಮೊದಲನೇ ಸಲ ಕೆಲಸ ಬಿಟ್ಟು 14 ತಿಂಗಳು ಕಟ್ಟಿದೆ. ಆ 14 ತಿಂಗಳಲ್ಲಿ ಒಬ್ಬರ ಹತ್ತಿರವೂ ದುಡ್ಡು ಕೇಳಲಿಲ್ಲ, ಇನ್ನೂ ಚೆನ್ನಾಗಿ ಆಗಲಿ, ಆಮೇಲೆ ಕೇಳೋಣ ಅಂತ. "ಸೂಪರ್ ಆಗಿದೆ" ಅಂದವರು ಬಹಳ ಜನ ಇದ್ರು. ದರ ಹಾಕಿದ ದಿನ ಮೂರು ಜನ ಉಳಿದರು. ಹೊಗಳೋದಕ್ಕೂ ಕಾರ್ಡ್ ನಂಬರ್ ಹಾಕೋದಕ್ಕೂ ನಡುವೆ ಎಷ್ಟು ದೂರ ಇದೆ ಅನ್ನೋದು ಅವತ್ತು ಗೊತ್ತಾಯ್ತು.

ಎರಡನೇ ಸಲ ದುಡ್ಡು ಬಂತು. ಆದ್ರೆ ಪ್ರಾಡಕ್ಟ್ ಪೂರ್ತಿ ಇನ್ನೊಂದು ದೊಡ್ಡ ಪ್ಲಾಟ್‌ಫಾರ್ಮ್‌ನ ಎಪಿಐ (ಹೊರಗಿನ ಸಾಫ್ಟ್‌ವೇರ್ ಅವರ ಸಿಸ್ಟಮ್ ಜತೆ ಮಾತಾಡೋ ದಾರಿ) ಮೇಲೆ ನಿಂತಿತ್ತು. ಅವರು ನಿಯಮ ಬದಲಿಸಿದರು, 60 ದಿನ ಸಮಯ ಕೊಟ್ಟರು. ಇದು ನನಗೊಬ್ಬನಿಗೇ ಆಗಿದ್ದಲ್ಲ. 2023ರ ಜನವರಿಯಲ್ಲಿ ಟ್ವಿಟರ್ ತನ್ನ ಪೋಸ್ಟ್‌ಗಳನ್ನು ಓದೋಕೆ ಹೊರಗಿನವರು ಮಾಡಿದ ಆ್ಯಪ್‌ಗಳನ್ನು ನಿಲ್ಲಿಸಿತು. ಅದೇ ವರ್ಷ ರೆಡಿಟ್ ಎಪಿಐಗೆ ದರ ಇಟ್ಟಾಗ ರೆಡಿಟ್ ಓದೋಕೆ ಹೊರಗಿನವರು ಮಾಡಿದ್ದ ಅಪೊಲೊ ಅನ್ನೋ ಆ್ಯಪ್ ಜೂನ್ 30ಕ್ಕೆ ಬಾಗಿಲು ಹಾಕಿತು. ಜನ ತುಂಬಾ ಪ್ರೀತಿಸ್ತಿದ್ದ ಆ್ಯಪ್ ಅದು. ಪ್ರೀತಿ ಇದ್ದರೂ ಉಳಿಯಲಿಲ್ಲ, ಯಾಕಂದ್ರೆ ಬಾಗಿಲಿನ ಕೀಲಿ ಅವರ ಕೈಯಲ್ಲಿರಲಿಲ್ಲ.

ಈ ಎರಡರ ದೃಷ್ಟಿಯಿಂದ ನೋಡಿದ್ರೆ ಗೇಜುಗಾರರ ಪರಿಸ್ಥಿತಿ ನಿಜವಾಗ್ಲೂ ಒಳ್ಳೇದಿದೆ. 118 ಜನ ದುಡ್ಡು ಕೊಡ್ತಿದ್ದಾರೆ, ಯಾರ ಎಪಿಐ ಮೇಲೂ ನಿಂತಿಲ್ಲ. ಇದನ್ನ ಕೆಡಿಸಿಕೊಳ್ಳಬೇಡಿ. ನಿಧಾನಕ್ಕೆ ಮಾಡಿ.

ಗೇಜುಗಾರ

ಒಂದು ವಾರ ಆಯ್ತು. 31 ಜನರ ಖಾತೆ ಒಂದೊಂದಾಗಿ ತೆಗೆದು ನೋಡಿದೆ, 17 ಜನ ಫೋನ್‌ಗೆ ಸಿಕ್ಕರು. ಸಿಕ್ಕಿದ್ದನ್ನ ಹಾಗೇ ಬರೀತೀನಿ.

9 ಜನ ಬಿಟ್ಟೇ ಇರಲಿಲ್ಲ. ಕಾರ್ಡ್ ಅವಧಿ ಮುಗಿದಿತ್ತು, ಅಥವಾ ಬ್ಯಾಂಕ್ ತಿರಸ್ಕರಿಸಿತ್ತು. ನನ್ನ ಸಿಸ್ಟಮ್ ಮೂರು ದಿನದಲ್ಲಿ ಮೂರು ಸಲ ಪ್ರಯತ್ನ ಮಾಡಿ ಖಾತೆ ಮುಚ್ಚಿಬಿಟ್ಟಿದೆ. ಇದರಲ್ಲಿ 5 ಜನರ ವಿಷಯದಲ್ಲಿ "ಪಾವತಿ ಆಗಿಲ್ಲ" ಅನ್ನೋ ಮೇಲ್ ಹೋಗಿದ್ದು ಆ ಕಂಪನಿ ಬಿಟ್ಟುಹೋದ ಉದ್ಯೋಗಿಯ ವಿಳಾಸಕ್ಕೆ. ಒಬ್ಬ ಹೆಂಗಸು ಫೋನಲ್ಲಿ, "ನೀವೇ ನಿಲ್ಲಿಸಿಬಿಟ್ರಿ ಅಂದ್ಕೊಂಡು ನಾವು ವಾಪಸ್ ಎಕ್ಸೆಲ್‌ಗೆ ಹೋದ್ವಿ" ಅಂದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

13 ಜನ ಸೇರಿ ಎರಡು ತಿಂಗಳೊಳಗೆ ಹೋದವರು. ಅವರಲ್ಲಿ ಒಬ್ಬರೂ ಐದಕ್ಕಿಂತ ಹೆಚ್ಚು ಉಪಕರಣ ಸೇರಿಸಿರಲಿಲ್ಲ. ಅವರ ಹತ್ರ ಇರೋದು ನೂರು, ಇನ್ನೂರು ಉಪಕರಣ. ಎಲ್ಲ ಒಂದು ಹಳೇ ಎಕ್ಸೆಲ್ ಶೀಟ್‌ನಲ್ಲಿದೆ. ಅದನ್ನ ನನ್ನ ಇಂಪೋರ್ಟ್ ಪರದೆಗೆ ಹಾಕಿದಾಗ "ಸಾಲು 7ರಲ್ಲಿ ದಿನಾಂಕ ಸರಿಯಿಲ್ಲ" ಅಂತ ಬಂದಿದೆ. ಸರಿ ಮಾಡಿ ಮತ್ತೆ ಹಾಕಿದ್ದಾರೆ, ಸಾಲು 9 ಅಂದಿದೆ. ಲಾಗ್‌ನಲ್ಲಿ ನೋಡಿದೆ, ಒಬ್ಬರು ಒಂದೇ ಸಂಜೆ 22 ಸಲ ಪ್ರಯತ್ನ ಮಾಡಿ ಬಿಟ್ಟಿದ್ದಾರೆ. ಆ ಮನುಷ್ಯ ನನಗೆ ದುಡ್ಡು ಕಟ್ಟಿ, ಊಟದ ಹೊತ್ತು ಮೀರಿ ಕೂತು 22 ಸಲ ಪ್ರಯತ್ನ ಮಾಡಿದ್ದಾರೆ. ನನಗೆ ಅದು ಕಾಣಿಸಲೇ ಇಲ್ಲ.

4 ಜನರ ವ್ಯವಹಾರವೇ ಮುಚ್ಚಿದೆ. ಉಳಿದ 5 ಜನ ಬೇರೆ ಸಾಫ್ಟ್‌ವೇರ್‌ಗೆ ಹೋಗಿದ್ದಾರೆ.

ಆ ಐವರಲ್ಲಿ ಮೊಬೈಲ್ ಆ್ಯಪ್ ಇಲ್ಲ ಅಂತ ಹೋದವರು ಒಬ್ಬರು. ಬರೀ ಒಬ್ಬರು. ನಾನು ಆರು ತಿಂಗಳು ಅದಕ್ಕೇ ಮೀಸಲಿಡೋಕೆ ಹೊರಟಿದ್ದೆ.

@ಬೈಟು ಬದುಕು, ಕಾಂಟ್ರ್ಯಾಕ್ಟ್ ಬೇರೆ ಕ್ಷೇತ್ರದ್ದು. ದುಡ್ಡು ಬಿಟ್ಟರೆ ಅಲ್ಲಿಂದ ಕಲಿಯೋದೇನೂ ಇಲ್ಲ.

ರೊಕ್ಕದ ಲೆಕ್ಕ

ಛಲೋ ಕೆಲಸ ಮಾಡಿದ್ರಿ. 31ರಾಗ ಕೈಯಾಗಿನ ತಪ್ಪಿನಿಂದ ಹೋದವರು 22 ಅಂದಂಗಾತು. ಎಲ್ಲಾರೂ ಉಳೀತಾರ ಅಂತ ಹೇಳೂದಿಲ್ಲ. ಕಾರ್ಡಿನ 9ರಾಗ 6, ಇಂಪೋರ್ಟಿನ 13ರಾಗ 8 ಉಳಿದ್ರೂ ಬಿಡೋರು ಆರು ತಿಂಗಳಿಗೆ 17ಕ್ಕ ಇಳೀತಾರ. ಪ್ರಮಾಣ ಶೇ. 2.5ರ ಸುತ್ತ. ಈಗ ಮತ್ತ ಭಾಗಿಸ್ರಿ, 6 ಭಾಗಿಸು 0.025. 240. ಒಂದೂ ಹೊಸ ಫೀಚರ್ ಇಲ್ಲದ, ಜಾಹೀರಾತಿಗೆ ಒಂದು ಪೈಸಾ ಹಾಕದ, 133 ಇದ್ದ ಮಿತಿ 240ಕ್ಕ ಹೋತು.

ಸಪೋರ್ಟ್ ಸಾಲು

ಕಾರ್ಡ್ ವಿಷಯ ನಾನು ದಿನಾ ನೋಡೋದು, ಅದಕ್ಕೆ ಬರೀತೀನಿ.

ಮೂರು ದಿನದಲ್ಲಿ ಮೂರು ಪ್ರಯತ್ನ ತುಂಬಾ ಬಿರುಸು. ಸಂಬಳದ ದಿನಕ್ಕೋ, ಮಿತಿ ಮತ್ತೆ ತೆರೆಯೋ ದಿನಕ್ಕೋ ಸಿಗೋ ಹಾಗೆ ಎರಡು ವಾರಕ್ಕೆ ಹರಡಿ. ಕಾರ್ಡ್ ಅವಧಿ ಮುಗಿಯೋ ತಿಂಗಳು ನಿಮ್ಮ ಡೇಟಾದಲ್ಲಿ ಮೊದಲೇ ಇರುತ್ತೆ, ಒಂದು ತಿಂಗಳ ಮುಂಚೆ ತಿಳಿಸಿ. ಖಾತೆ ಮುಚ್ಚಬೇಡಿ, ನೋಡೋಕೆ ಬಿಡಿ, ಹೊಸದಾಗಿ ಸೇರಿಸೋದನ್ನ ಮಾತ್ರ ತಡೆಯಿರಿ. ಆಡಿಟ್ ದಿನ ಅವರ ದಾಖಲೆ ಅವರಿಗೆ ತೆರೆಯದೇ ಹೋದ್ರೆ ಆ ಸಿಟ್ಟು ಯಾವತ್ತೂ ಹೋಗಲ್ಲ. ಮತ್ತೆ ಆ ಎಚ್ಚರಿಕೆ ಮೇಲ್‌ನಲ್ಲಷ್ಟೇ ಇರಬಾರದು, ಲಾಗಿನ್ ಆದ ಎಲ್ಲರಿಗೂ ಪರದೆ ಮೇಲೆ ಕಾಣ್ಬೇಕು. ಬಿಲ್ಲಿಂಗ್‌ಗೆ ಎರಡನೇ ಮೇಲ್ ವಿಳಾಸ ಕೇಳಿಟ್ಟುಕೊಳ್ಳಿ. ಅಕೌಂಟ್ಸ್ ವಿಭಾಗದ್ದಾದ್ರೆ ಒಳ್ಳೇದು, ವ್ಯಕ್ತಿ ಬದಲಾದ್ರೂ ವಿಳಾಸ ಇರುತ್ತೆ.

ಇಂಪೋರ್ಟ್‌ಗೆ ಈಗಲೇ ಹೊಸ ಕೋಡ್ ಬರೀಬೇಡಿ ಸರ್, ದಯವಿಟ್ಟು. ಮೊದಲ ಇಪ್ಪತ್ತು ಶೀಟ್‌ಗಳನ್ನ ನೀವೇ ಕೈಯಾರೆ ಹಾಕಿಕೊಡಿ. ಜನರ ಶೀಟ್ ಹೇಗಿರುತ್ತೆ ಅನ್ನೋದು ಕೈಯಿಂದ ಮಾಡಿದಾಗಲೇ ಗೊತ್ತಾಗೋದು.

ಹನ್ನೊಂದನೇ ವರ್ಷ

ಹೌದು, ಇಪ್ಪತ್ತು ಕಡಿಮೆಯೇ, ಮೂವತ್ತು ಮಾಡಿ.

ದರದ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಎತ್ತುತ್ತೇನೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ದರ ಏರಿಸಿಲ್ಲ ಎಂದು ನನ್ನ ಊಹೆ. ಶೇ. 25 ಏರಿಸಿದರೆ ಐವರಲ್ಲಿ ಒಬ್ಬ ಬಾರದೇ ಹೋದರೂ ಆದಾಯ ಅಷ್ಟೇ ಇರುತ್ತದೆ, ಸಪೋರ್ಟ್ ಕೆಲಸ ಐದನೇ ಒಂದು ಪಾಲು ಇಳಿಯುತ್ತದೆ. ಹೊಸಬರಿಗೆ ಮಾತ್ರ ಏರಿಸಿ. ಹಳಬರು ನಿಮ್ಮ ಸಾಫ್ಟ್‌ವೇರ್ ಅರೆಬರೆ ಇದ್ದಾಗ ನಂಬಿ ಬಂದವರು, ಅವರಿಗೆ ಹಳೆಯ ದರವೇ ಇರಲಿ. ಇದರಲ್ಲಿ ಲೆಕ್ಕಾಚಾರಕ್ಕಿಂತ ಋಣದ ಮಾತು ಹೆಚ್ಚು.

ಶೀಟ್ ಹಾಕಿಕೊಡುವ ಸೇವೆಯನ್ನೂ ಆ ಹೊಸ ದರದೊಳಗೇ ಸೇರಿಸಿ. ಅದಕ್ಕೆ ಬೇರೆ ಶುಲ್ಕ ಇಟ್ಟರೆ ಯಾರಿಗೆ ಹೆಚ್ಚು ಬೇಕೋ ಅವರೇ ಬೇಡ ಎನ್ನುತ್ತಾರೆ.

ಹೊಸ ಹೊತ್ತಿಗೆ

ನಡುವೆ ಬರ್ತಿದ್ದೀನಿ, ಕ್ಷಮಿಸಿ. ಇಷ್ಟೆಲ್ಲ ಕಷ್ಟ ಪಡೋ ಬದಲು ಸಣ್ಣ ಹೂಡಿಕೆ ತಗೊಂಡ್ರೆ ತಪ್ಪೇನು? ನಾನು ಅದೇ ಯೋಚನೆಯಲ್ಲಿದ್ದೀನಿ.

ಮೂರನೇ ಪ್ರಯತ್ನ

@ಹೊಸ ಹೊತ್ತಿಗೆ, ತಪ್ಪೇನೂ ಇಲ್ಲ. ಒಂದೇ ಸಲ ತೀರ್ಮಾನ ಮಾಡಿ ಮುಗಿಸೋ ವಿಷಯವೂ ಅಲ್ಲ. ಕೋಡ್ ಇಟ್ಟುಕೊಳ್ಳೋ ತಾಣ ಗಿಟ್‌ಹಬ್ 2008ರಲ್ಲಿ ಶುರುವಾಗಿ ನಾಲ್ಕು ವರ್ಷ ಸ್ವಂತ ಗಳಿಕೆಯಲ್ಲೇ ನಡೀತು, 2012ರಲ್ಲಿ 10 ಕೋಟಿ ಡಾಲರ್ ತಗೊಂಡಿತು. ಅಟ್ಲಾಸಿಯನ್ ಅನ್ನೋ ಸಾಫ್ಟ್‌ವೇರ್ ಕಂಪನಿಯನ್ನ ಇಬ್ಬರು ಸೇರಿ 2002ರಲ್ಲಿ ಕ್ರೆಡಿಟ್ ಕಾರ್ಡ್ ಸಾಲದಿಂದ ಶುರು ಮಾಡಿದ್ದು, ಹೊರಗಿನ ಹೂಡಿಕೆ ಬಂದಿದ್ದು 2010ರಲ್ಲಿ.

ಆದ್ರೆ ಗೇಜುಗಾರರಿಗೆ ಎರಡು ವಾರದ ಹಿಂದೆ ಹೂಡಿಕೆ ಸಿಕ್ಕಿದ್ರೆ ಏನಾಗ್ತಿತ್ತು ಯೋಚಿಸಿ. ಆ ದುಡ್ಡಲ್ಲಿ ಮೊಬೈಲ್ ಆ್ಯಪ್ ಮಾಡ್ತಿದ್ರು, ಜಾಹೀರಾತು ಹಾಕ್ತಿದ್ರು. ಹೊಸಬರು ಬಂದು ಅದೇ ಸಾಲು 7ರಲ್ಲಿ ಸಿಕ್ಕಿಕೊಂಡು ಹೋಗ್ತಿದ್ರು. ಹೂಡಿದವರಿಗೆ ಬೇಕಾದ ವೇಗ ಬೇರೆ, ಈ ಮಾರುಕಟ್ಟೆ ಕೊಡೋ ವೇಗ ಬೇರೆ. ಕ್ಯಾಲಿಬ್ರೇಷನ್ ದಾಖಲೆಯ ಸಾಫ್ಟ್‌ವೇರ್ ವರ್ಷಕ್ಕೆ ಮೂರು ಪಟ್ಟು ಬೆಳೆಯೋದು ಕಷ್ಟ. ಒಂದು ಮನೆಯನ್ನ, ನಾಲ್ಕು ಜನರ ಸಂಬಳವನ್ನ ಇಪ್ಪತ್ತು ವರ್ಷ ಹೊರೋದು ಸಾಧ್ಯ.

ಮೌನಿ

ಒಂದೇ ವಿಷಯ. ಒಬ್ಬರೇ ನಡೆಸ್ತಿದ್ದೀರಿ. ನಾನೂ ಒಬ್ಬನೇ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ 12 ದಿನ ಇದ್ದೆ. ಸರ್ವರ್‌ನ ಡಿಸ್ಕ್ ತುಂಬಿ ಮೂರನೇ ದಿನ ಎಲ್ಲ ನಿಂತಿತು. ಪಾಸ್‌ವರ್ಡ್ ಎಲ್ಲಿದೆ, ಏನು ಮಾಡಬೇಕು, ಮನೆಯವರಿಗೆ ಗೊತ್ತಿರಲಿಲ್ಲ. ಹಳೇ ಸಹೋದ್ಯೋಗಿ ಒಬ್ಬ ನನ್ನ ಹಾಸಿಗೆ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತ.

ಈಗ ನಾಲ್ಕು ಪುಟದ ಟಿಪ್ಪಣಿ ಬರೆದಿಟ್ಟಿದ್ದೀನಿ, ಅವನಿಗೆ ತಿಂಗಳಿಗೆ ಸಣ್ಣ ಮೊತ್ತ ಕೊಡ್ತೀನಿ. ವರ್ಷಕ್ಕೆರಡು ಸಲ ಅವನು ನನ್ನ ಸಹಾಯ ಇಲ್ಲದೆ ಬ್ಯಾಕಪ್‌ನಿಂದ ಪೂರ್ತಿ ಡೇಟಾಬೇಸ್ ಎಬ್ಬಿಸಿ ತೋರಿಸ್ಬೇಕು. ಬ್ಯಾಕಪ್ ಇದೆ ಅನ್ನೋದು ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನೋ ಕೋಡ್ ಇಡೋ ತಾಣದಲ್ಲಿ ತಪ್ಪು ಸರ್ವರ್‌ನ ಡೇಟಾ ಅಳಿಸಿಹೋದಾಗ ಹಲವು ಬಗೆಯ ಬ್ಯಾಕಪ್ ಇದ್ದರೂ ಸಮಯಕ್ಕೆ ಸರಿಯಾಗಿ ಕೈಗೆ ಬರಲಿಲ್ಲ, ಸುಮಾರು ಆರು ಗಂಟೆಯ ಡೇಟಾ ಹೋಯ್ತು. ಅಷ್ಟು ಜನ ಇಂಜಿನಿಯರ್‌ಗಳಿದ್ದ ಕಡೆ ಹಾಗಾಯ್ತು. ಕೆಲಸ ಬಿಡೋದು ಆಮೇಲೆ, ಇದನ್ನ ಈ ವಾರವೇ ಮಾಡಿ.

ಗೇಜುಗಾರ

ಹತ್ತು ವಾರ ಆಯ್ತು. ಏನಾಯ್ತು ಅಂತ ಹೇಳದೇ ಇದ್ದರೆ ನಿಮಗೆಲ್ಲ ಅನ್ಯಾಯ ಮಾಡಿದ ಹಾಗಾಗುತ್ತೆ.

ಸಪೋರ್ಟ್ ಸಾಲು ಅವರು ಹೇಳಿದ್ದನ್ನೆಲ್ಲ ಮಾಡಿದೆ, ಒಟ್ಟು ನಾಲ್ಕು ದಿನದ ಕೆಲಸ ಅಷ್ಟೇ. ಕಾರ್ಡ್ ಕಾರಣಕ್ಕೆ ಹೋಗಿದ್ದ 9 ಜನರಲ್ಲಿ 4 ಜನ ವಾಪಸ್ ಬಂದರು. ಎಕ್ಸೆಲ್‌ಗೆ ಹೋಗಿದ್ವಿ ಅಂದಿದ್ದ ಆ ಹೆಂಗಸು ಮೊದಲು ಬಂದವರು. ಅವರ ಹಳೇ ದಾಖಲೆ ಅಳಿಸಿರಲಿಲ್ಲ ಅನ್ನೋದು ಕೇಳಿ ಅವರಿಗಿಂತ ನನಗೇ ಹೆಚ್ಚು ಸಮಾಧಾನ ಆಯ್ತು.

ಹೊಸಬರು 15 ಬಂದರು. ಎಲ್ಲರಿಗೂ "ನಿಮ್ಮ ಶೀಟ್ ಕಳಿಸಿ, ನಾನೇ ಹಾಕಿಕೊಡ್ತೀನಿ" ಅಂದೆ. 12 ಜನ ಕಳಿಸಿದರು. ಮೊದಲನೇದರಲ್ಲಿ 214 ಉಪಕರಣ ಇದ್ದವು, ಮೂರೂವರೆ ಗಂಟೆ ಹಿಡೀತು. ಈಗ 40 ನಿಮಿಷದಲ್ಲಿ ಮುಗಿಯುತ್ತೆ. ಈ 12ರಲ್ಲಿ ಬಿಟ್ಟವರು ಒಬ್ಬರು. ಒಟ್ಟಾರೆ ಬಿಟ್ಟವರು 5. ಹಳೇ ಪ್ರಮಾಣದಲ್ಲಾದ್ರೆ 12 ಜನ ಹೋಗಬೇಕಿತ್ತು. ಈಗ 132 ಗ್ರಾಹಕರು. ಹತ್ತು ವಾರ ಇನ್ನೂ ಚಿಕ್ಕ ಲೆಕ್ಕ ಅಂತ ಗೊತ್ತು, ಆರು ತಿಂಗಳಾಗಲಿ.

ದರ ಶೇ. 25 ಏರಿಸಿ ಆರು ವಾರ ಆಯ್ತು, ಹೊಸಬರಿಗೆ ಮಾತ್ರ. ಬರೋರು ಕಮ್ಮಿಯಾಗಿಲ್ಲ. ಒಬ್ಬರೂ ದರದ ಬಗ್ಗೆ ಕೇಳಲಿಲ್ಲ, ಶೀಟ್ ಹಾಕಿಕೊಡ್ತೀರಾ ಅಂತಲೇ ಎಲ್ಲರೂ ಕೇಳಿದ್ದು.

ಕಾಂಟ್ರ್ಯಾಕ್ಟ್ ಕೆಲಸ ಪೂರ್ತಿ ಬಿಟ್ಟಿಲ್ಲ. ಮೂರು ದಿನ ಇದ್ದಿದ್ದನ್ನ ಎರಡಕ್ಕೆ ಇಳಿಸಿದ್ದೀನಿ, ಉಳಿತಾಯ ಮುಟ್ಟಿಲ್ಲ. ಸಿಕ್ಕ ಒಂದು ದಿನ ಪೂರ್ತಿ ಗ್ರಾಹಕರ ಜತೆ ಫೋನ್‌ಗೆ, ಶೀಟ್‌ಗಳಿಗೆ. ಮೌನಿ ಅವರೇ, ಟಿಪ್ಪಣಿ ಬರೆದೆ, ಆರು ಪುಟ ಆಯ್ತು. ತಮ್ಮನ ಕೈಗೆ ಕೊಟ್ಟು ಬ್ಯಾಕಪ್ ಎಬ್ಬಿಸು ಅಂದೆ. ಎರಡನೇ ಪುಟದಲ್ಲೇ ಸಿಕ್ಕಿಕೊಂಡ, ತಿದ್ದಿದ್ದೀನಿ, ಮುಂದಿನ ವಾರ ಮತ್ತೆ ನೋಡ್ತೀವಿ.

ಬೈಟು ಬದುಕು

ತುಂಬಾ ಖುಷಿಯಾಯ್ತು ಸರ್. ಒಂದು ತಾಂತ್ರಿಕ ಪ್ರಶ್ನೆ, ನನಗೂ ಇದೇ ತಲೆನೋವಿದೆ. ದಿನಾಂಕದ ತೊಂದರೆ ಏನಿತ್ತು? ಹೇಗೆ ಸರಿ ಮಾಡಿದ್ರಿ?

ಗೇಜುಗಾರ

ಎಕ್ಸೆಲ್ ದಿನಾಂಕವನ್ನ ಒಳಗಡೆ ಒಂದು ಸಂಖ್ಯೆಯಾಗಿ ಇಡುತ್ತೆ. ಕಂಪ್ಯೂಟರ್ ಸೆಟ್ಟಿಂಗ್ ತಿಂಗಳು ಮೊದಲು ಅಂತ ಇದ್ದು, ಟೈಪ್ ಮಾಡೋರು ದಿನ ಮೊದಲು ಬರೆದ್ರೆ 03/04 ಅನ್ನೋದು ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತೆ. 25/04 ಬರೆದ್ರೆ 25ನೇ ತಿಂಗಳು ಇಲ್ಲದ ಕಾರಣ ಅದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತೆ. ಶೀಟ್ ತೆರೆದು ನೋಡಿ, ಒಂದೇ ಕಾಲಂನಲ್ಲಿ ಕೆಲವು ಬಲಕ್ಕೆ ಅಂಟಿರುತ್ತೆ, ಕೆಲವು ಎಡಕ್ಕೆ. ಎಡಕ್ಕಿರೋದು ಅಕ್ಷರ. ನನ್ನ ಇಂಪೋರ್ಟ್ ಆ ಎಡಕ್ಕಿದ್ದವನ್ನ ಮಾತ್ರ ತಪ್ಪು ಅಂತಿತ್ತು. ಬಲಕ್ಕಿದ್ದವು ತಪ್ಪು ತಿಂಗಳಲ್ಲಿ ಒಳಗೆ ಹೋಗ್ತಿದ್ವು, ಅದು ಇನ್ನೂ ಅಪಾಯ.

ಈಗ ಸಾಲು ಸಾಲಾಗಿ ನೋಡಲ್ಲ, ಇಡೀ ಕಾಲಂ ನೋಡ್ತೀನಿ. ಅಕ್ಷರವಾಗಿ ಉಳಿದವುಗಳಲ್ಲಿ ಮೊದಲ ಅಂಕಿ 12 ದಾಟಿದ್ರೆ ಆ ಶೀಟ್ ಬರೆದವರು ದಿನ ಮೊದಲು ಬರೆಯೋರು ಅಂತ ಗೊತ್ತಾಗುತ್ತೆ, ಆಗ ಸಂಖ್ಯೆಯಾದವನ್ನ ದಿನ ತಿಂಗಳು ಅದಲು ಬದಲು ಮಾಡ್ತೀನಿ. ಯಾವ ಸುಳಿವೂ ಇಲ್ಲದಿದ್ರೆ ಊಹೆ ಮಾಡಲ್ಲ. ಒಂದು ಸಾಲು ತೆಗೆದು ಗ್ರಾಹಕರಿಗೆ ಫೋನ್ ಮಾಡಿ, "ಸರ್ಟಿಫಿಕೇಟ್ ಕೈಗೆತ್ತಿಕೊಳ್ಳಿ, ಈ ಗೇಜ್‌ಗೆ ಇರೋದು ಏಪ್ರಿಲ್ 3ನೇ ತಾರೀಕಾ, ಮಾರ್ಚ್ 4ನೇ ತಾರೀಕಾ?" ಅಂತ ಕೇಳ್ತೀನಿ.